ಮೂರು ತಿಂಗಳ ಪಾಸ್ ಮಾಡಿಸಲೋ, ಒಂದು ತಿಂಗಳದ್ದು ಸಾಕೋ?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ನನ್ನ ಮೈಸೂರು–ಬೆಂಗಳೂರು ರೈಲು ಪಾಸ್ ಈ ಶನಿವಾರ ಮುಗಿಯುತ್ತದೆ. ಮೂರು ತಿಂಗಳದ್ದಕ್ಕೆ 2.7 ತಿಂಗಳ ದುಡ್ಡು ಸಾಕು, ಅಷ್ಟು ಉಳಿತಾಯ. ಇಷ್ಟು ದಿನ ಯೋಚನೆಯನ್ನೇ ಮಾಡದೆ ಮೂರು ತಿಂಗಳದ್ದು ತೆಗೆದುಕೊಳ್ಳುತ್ತಿದ್ದೆ. ನಿನ್ನೆ ರಾತ್ರಿ ಆ್ಯಪ್ ತೆರೆದುಕೊಂಡು ಕೂತೆ. ಕೈ ಮುಂದೆ ಹೋಗಲಿಲ್ಲ.

ಕಾರಣ ಇಷ್ಟು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಆಫೀಸ್ ಇರುವುದು ವೈಟ್‌ಫೀಲ್ಡ್ ಕಡೆ. ಕೊರೊನಾ ಬಂದಾಗ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಮೈಸೂರಿಗೆ ಬಂದೆವು, ಇಲ್ಲೇ ನೆಲೆಯಾಯಿತು. ಯಜಮಾನರು ಇಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಮಗಳು ಒಂದನೇ ಕ್ಲಾಸು. ಹೋದ ವರ್ಷದಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎಂದಿದ್ದಾರೆ. ಆ ಮೂರು ದಿನ ಬೆಳಗ್ಗೆ ಆರರ ಒಳಗೆ ಮನೆ ಬಿಡುತ್ತೇನೆ. ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು, ಮೆಜೆಸ್ಟಿಕ್ಕಿನಿಂದ ಮೆಟ್ರೊ ಹತ್ತಿ, ಕುರ್ಚಿಯಲ್ಲಿ ಕೂರುವಾಗ ಹತ್ತೂವರೆ. ಸಂಜೆ ವಾಪಸ್ ಮನೆ ಬಾಗಿಲು ತಟ್ಟುವಾಗ ಒಂಬತ್ತೂವರೆ.

ಅಷ್ಟು ಹೊತ್ತಿಗೆ ಮಗಳು ಮಲಗಿರುತ್ತಾಳೆ. ಊಟದ ಮೇಜಿನ ಮೇಲೆ ಅವಳ ಕಾಪಿ ಪುಸ್ತಕ ತೆರೆದಿರುತ್ತದೆ. ಹಾಳೆ ಮಗುಚಬಾರದು ಅಂತ ಮೇಲೆ ರಬ್ಬರ್ ಇಟ್ಟಿರುತ್ತಾಳೆ. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ "ಅಮ್ಮ ನೋಡು" ಅಂತ ಬರೆದಿರುತ್ತಾಳೆ. ನಾನು ಕೆಳಗೆ "ನೋಡಿದೆ ಚಿನ್ನ" ಅಂತ ಬರೆದು, ಕೈಕಾಲು ತೊಳೆದು ಊಟಕ್ಕೆ ಕೂರುತ್ತೇನೆ.

ಈಗ ಮೈಸೂರಿನ ಹೆಬ್ಬಾಳದಲ್ಲೇ ಒಂದು ಕೆಲಸ ಸಿಕ್ಕಿದೆ. ಐದೂ ದಿನ ಆಫೀಸು, ಮನೆಯಿಂದ ಅರ್ಧ ಗಂಟೆ. ಈಗ ಕೈಗೆ ಬರುವುದು 92 ಸಾವಿರ, ಅಲ್ಲಿ 70. ಮನೆ ಸಾಲ ಇನ್ನೂ ಹನ್ನೊಂದು ವರ್ಷ ಇದೆ. ಒಮ್ಮೆ ಸಂಬಳ ಇಳಿದರೆ ಮತ್ತೆ ಏರುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಈ ದಾರಿಯಲ್ಲಿ ಓಡಾಡಿದವರು, ಓಡಾಟ ಬಿಟ್ಟವರು ಇದ್ದರೆ ದಯವಿಟ್ಟು ಹೇಳಿ.

ಹಳೇ_ಪಾಸ್‌ದಾರ

ನೋಡಮ್ಮ, ನಾನು ಇದೇ ಹಳಿಯ ಮೇಲೆ 26 ವರ್ಷ ಓಡಾಡಿ 2019ರಲ್ಲಿ ರಿಟೈರ್ ಆದವನು. ರೈಲ್ವೆಯವರು ಸೀಸನ್ ಪಾಸ್ ಕೊಡುವುದು 150 ಕಿಲೋಮೀಟರ್ ಒಳಗಿನ ದೂರಕ್ಕೆ ಮಾತ್ರ. ಮೈಸೂರು–ಬೆಂಗಳೂರು 140ರ ಒಳಗೆ ಬರುತ್ತದೆ. ಇನ್ನೊಂದು ಹದಿನೈದು ಕಿಲೋಮೀಟರ್ ದೂರ ಇದ್ದಿದ್ದರೆ ನನ್ನಂಥ ಎಷ್ಟೋ ಜನ ಮೈಸೂರು ಬಿಟ್ಟು ಬೆಂಗಳೂರಿನಲ್ಲಿ ಮನೆ ಮಾಡಬೇಕಿತ್ತು.

ನಮ್ಮ ಕಾಲಕ್ಕೂ ಈಗಿನದಕ್ಕೂ ತುಂಬಾ ವ್ಯತ್ಯಾಸ ಇದೆ. ಆಗ ಒಂದೇ ಹಳಿ. ಎದುರಿಂದ ಗಾಡಿ ಬರುತ್ತದೆ ಅಂದರೆ ಯಾವುದೋ ಸ್ಟೇಷನ್ನಿನಲ್ಲಿ ಕ್ರಾಸಿಂಗ್‌ಗೆ ನಿಲ್ಲಿಸಿಬಿಡುತ್ತಿದ್ದರು. ಜೋಡಿ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯದೆ, ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ದೂರ ಸರಿಸಿದರು. 2017ರ ಮಾರ್ಚ್. ಆ ದಿನಗಳಲ್ಲಿ ನಮ್ಮ ಬೋಗಿಯವರೆಲ್ಲ ಕಿಟಕಿಗೆ ಅಂಟಿಕೊಂಡಿರುತ್ತಿದ್ದರು. ದಿನಾ ಬೆಳಗ್ಗೆ "ಇವತ್ತು ಎಷ್ಟು ಸರಿದಿದೆ ನೋಡಿ" ಅನ್ನುವುದೇ ಮಾತು.

ಬೋಗಿಯ ಸ್ನೇಹ ಅಂದರೆ ಸಾಮಾನ್ಯ ಅಲ್ಲ. ನನ್ನ ತಾಯಿ ತೀರಿಕೊಂಡಾಗ ಮನೆಗೆ ಮೊದಲು ಬಂದವರು ನೆಂಟರಲ್ಲ, ಪಾಸ್‌ನವರು. ಆಯುಧಪೂಜೆಗೆ ಬೋಗಿಗೆ ಬಾಳೆಕಂದು ಕಟ್ಟಿ ಮಾವಿನ ತೋರಣ ಹಾಕುತ್ತಿದ್ದೆವು. ಮದ್ದೂರು ಬಂದರೆ ವಡೆ. ಚಿರೋಟಿ ರವೆ, ಅಕ್ಕಿ ಹಿಟ್ಟು, ಈರುಳ್ಳಿ ಎಲ್ಲ ಸೇರಿದ ಆ ಗರಿಗರಿ ವಡೆಯನ್ನು ಪೇಪರ್ ಮೇಲೆ ಮುರಿದರೆ ಎಂಟು ಜನಕ್ಕೆ ಎಂಟು ಚೂರು. ಚಿಲ್ಲರೆ ಕೊಡುವ ಸರದಿ ದಿನಕ್ಕೊಬ್ಬರದು. ಈಗ ಎಲ್ಲರೂ ಸ್ಕ್ಯಾನ್ ಮಾಡಿ ತಮ್ಮ ತಮ್ಮದು ತಾವೇ ಕೊಡುತ್ತಾರೆ. ಅದೂ ಸಲೀಸು ಬಿಡಿ, ವಡೆ ಮಾರುವವನಿಗೆ ಚಿಲ್ಲರೆ ಹುಡುಕುವ ಕಷ್ಟ ತಪ್ಪಿತು.

ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ. ಆ ಸಂಬಳದಲ್ಲೇ ಸೈಟು ತೆಗೆದುಕೊಂಡೆ, ಮಗನನ್ನು ಓದಿಸಿದೆ. ಆದರೆ ಒಂದು ಹೇಳುತ್ತೇನೆ. ನನ್ನ ಮಗ ಸೈಕಲ್ ಕಲಿತದ್ದನ್ನು ನಾನು ನೋಡಲಿಲ್ಲ. ಬುಧವಾರ ಕಲಿತ, ಭಾನುವಾರ ನನ್ನೆದುರು ಓಡಿಸಿ ತೋರಿಸಿದ. ಅಷ್ಟರಲ್ಲಿ ಅವನು ಬೀಳುವುದು ನಿಂತುಹೋಗಿತ್ತು.

ಲೆಕ್ಕದ_ಪುಸ್ತಕ

ಮೇಡಂ, 92ರಲ್ಲಿ 70 ಕಳೆದರೆ 22 ಸಾವಿರ. ಆದರೆ ಅದು ನಿಜವಾದ ವ್ಯತ್ಯಾಸ ಅಲ್ಲ. ತಿಂಗಳಿಗೆ 13 ದಿನ ಹೋಗುತ್ತೀರಿ ಅಂದುಕೊಳ್ಳೋಣ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90ಕ್ಕೆ ಏರಿತಲ್ಲ, ನಿಮ್ಮದು ಉದ್ದದ ಪ್ರಯಾಣ. ಹೋಗಿಬರಲು 180ರ ಹತ್ತಿರ ಹಿಡಿದರೆ 2,300 ಆಯಿತು. ಮೈಸೂರಿನಲ್ಲಿ ಬೆಳಗ್ಗೆ ರಾತ್ರಿ ಆಟೊ ದಿನಕ್ಕೆ 250, ಅಲ್ಲಿಗೆ 3,250. ಹೊರಗಿನ ತಿಂಡಿ ಊಟ 2,600. ಪಾಸು, ಆಫೀಸಿನ ಹತ್ತಿರದ ಶೇರ್ ಆಟೊ ಸೇರಿ ಒಂದು ಸಾವಿರ. ಮಗುವಿಗೆ ಡೇ ಕೇರ್ ಇದ್ದರೆ ಅದೂ ಇದೆ, ನಾಲ್ಕೂವರೆ ಸಾವಿರ ಅಂದುಕೊಳ್ಳಿ. ಒಟ್ಟು 13,650. ಮೈಸೂರಿನಲ್ಲಿ ಸ್ಕೂಟರ್ ಪೆಟ್ರೋಲಿಗೆ 1,500 ತೆಗೆದರೂ 12 ಸಾವಿರದ ಮೇಲೆ ಉಳಿತಾಯ. ಕೈಯಿಂದ ಹೋಗುವುದು 9,850 ಮಾತ್ರ.

ಇನ್ನು ಸಮಯ. ಒಂದು ಕಡೆಗೆ ನಾಲ್ಕೂವರೆ ಗಂಟೆ, ದಿನಕ್ಕೆ ಒಂಬತ್ತು, ತಿಂಗಳಿಗೆ 117 ಗಂಟೆ. ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಹಿಡಿದರೆ ಹದಿನಾಲ್ಕೂವರೆ ದಿನದ ದುಡಿಮೆಗೆ ಸಮ. ಇದನ್ನು ಯಾವ ಸಂಬಳದ ಚೀಟಿಯೂ ತೋರಿಸುವುದಿಲ್ಲ.

ಒಂದು ಪ್ರಶ್ನೆ. ಈ ಕಂಪನಿಯಲ್ಲಿ ಎಷ್ಟು ವರ್ಷ ಆಯಿತು? ಬೇಸಿಕ್, ಅಂದರೆ ಮೂಲ ಸಂಬಳ ಎಷ್ಟು? ಅದನ್ನು ತಿಳಿಯದೆ ರಾಜೀನಾಮೆ ಬರೆಯಬೇಡಿ.

ಕೆಂಗೇರಿಯಲ್ಲಿ_ಇಳಿಯುವವನು

ಅಕ್ಕ, ಸದ್ಯಕ್ಕೆ ಓಡಾಟ ಮುಂದುವರಿಸುವುದಾದರೆ ಮೆಜೆಸ್ಟಿಕ್ ತನಕ ಹೋಗದೆ ಕೆಂಗೇರಿಯಲ್ಲೇ ಇಳಿದು ನೋಡಿ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಓಟ. ಮೆಟ್ರೊದಲ್ಲಿ ಕೂರುವ ಹೊತ್ತು ಜಾಸ್ತಿ ಆಗುತ್ತದೆ, ಸ್ಟೇಷನ್ನಿಂದ ಸ್ವಲ್ಪ ನಡೆಯಬೇಕು. ಆದರೆ ಕೆಂಗೇರಿಯಲ್ಲಿ ಸೀಟು ಸಿಗುತ್ತದೆ. ಮೆಜೆಸ್ಟಿಕ್ಕಿನಲ್ಲಿ ಹತ್ತಿದರೆ ನಿಂತೇ ಹೋಗಬೇಕು. ನನಗೆ ಕೂತು ಒಂದು ಗಂಟೆ ಲ್ಯಾಪ್‌ಟಾಪ್ ತೆರೆಯುವುದು ಮುಖ್ಯ.

ಇನ್ನೊಂದು, ಪಾಸ್ ಫೋನಿನಲ್ಲಿ ಮಾಡಿಸಿದ್ದರೆ ಪವರ್ ಬ್ಯಾಂಕ್ ಮರೆಯಬೇಡಿ. ಪಾಸ್ ತೋರಿಸಲು ಆಗದಿದ್ದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಸೇರಿಸುತ್ತಾರೆ. ಹೋದ ತಿಂಗಳು ನನ್ನ ಫೋನ್ ಬಿಡದಿ ದಾಟುವಾಗ ಆಫ್ ಆಯಿತು. ದಂಡ ಕಟ್ಟಿದೆ. ಐಡಿ ಕಾರ್ಡ್ ತೋರಿಸಿದರೂ ನಡೆಯಲಿಲ್ಲ. ಈಗ ಕೌಂಟರಿನಲ್ಲೇ ಕಾಗದದ ಪಾಸ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಕುವೆಂಪುನಗರದವಳು

ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್.

ಹಳೇ ಪಾಸ್‌ದಾರ ಸರ್, ಸೈಕಲ್ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಲೆಕ್ಕದ ಪುಸ್ತಕ ಸರ್, ನಿಮ್ಮ ಲೆಕ್ಕ ಯಜಮಾನರಿಗೆ ತೋರಿಸಿದೆ. ಅವರು ಎರಡು ಕಡೆ ತಿದ್ದಿದರು. ಡೇ ಕೇರ್ ಪೂರ್ತಿ ನಿಲ್ಲುವುದಿಲ್ಲ, ಅರ್ಧ ಉಳಿಯುತ್ತದೆ. ಹಾಗಾಗಿ ಕೈಯಿಂದ ಹೋಗುವುದು 12,100. ಹೆಬ್ಬಾಳಕ್ಕೂ ದಿನಕ್ಕೆ ಒಂದು ಗಂಟೆ ಓಡಾಟ ಇದೆ, ತಿಂಗಳಿಗೆ 22 ಗಂಟೆ. ಅದನ್ನು ಕಳೆದರೆ ಉಳಿಯುವುದು 95 ಗಂಟೆ. ಅಂದರೆ ಒಂದು ಗಂಟೆಗೆ 127 ರೂಪಾಯಿಯ ಹಾಗೆ ನನ್ನ ಸಮಯವನ್ನು ನಾನೇ ಕೊಂಡುಕೊಂಡಂತೆ. ಅವರು ಪೆನ್ ಕೆಳಗಿಟ್ಟು, "ಕೊಳ್ಳೋಣ ಕಣೇ" ಅಂದರು.

ಆದರೂ ನನಗೆ ಧೈರ್ಯ ಪೂರ್ತಿ ಬಂದಿಲ್ಲ. ದುಡ್ಡಿಗಿಂತ ಕೆಲಸದ ಭಯ. ಹೊಸ ಕಂಪನಿ ಸಣ್ಣದು. ನಾಳೆ ಅವರು ಬೇಡ ಅಂದರೆ ಮೈಸೂರಿನಲ್ಲಿ ನನ್ನ ಕೆಲಸಕ್ಕೆ ಇನ್ನೆಷ್ಟು ಬಾಗಿಲು ಇವೆ? ಬೆಂಗಳೂರಿನಲ್ಲಾದರೆ ಒಂದು ಬಿಟ್ಟರೆ ಇನ್ನೊಂದು.

ನೀವು ಕೇಳಿದ್ದಕ್ಕೆ: ಈ ಕಂಪನಿಯಲ್ಲಿ 4 ವರ್ಷ 5 ತಿಂಗಳು ಆಯಿತು. ಬೇಸಿಕ್ 45 ಸಾವಿರ. ನೋಟಿಸ್ 90 ದಿನ.

ಲೆಕ್ಕದ_ಪುಸ್ತಕ

ಇದಕ್ಕೇ ಕೇಳಿದ್ದು ಮೇಡಂ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಹಣಕ್ಕೆ, ಸಾಮಾನ್ಯವಾಗಿ ಐದು ವರ್ಷ ತುಂಬಿರಬೇಕು. ಅಂದಾಜಿಗೆ ಕೊನೆಯ ಬೇಸಿಕ್ಕನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷದ್ದು. ನಿಮಗೆ 25,961. ಐದು ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ 30 ಸಾವಿರ. ಇವತ್ತೇ ಎದ್ದು ಬಂದರೆ ಒಂದು ರೂಪಾಯಿಯೂ ಇಲ್ಲ.

ಆದರೆ ಇಲ್ಲಿ ಒಂದು ದಾರಿ ಇದೆ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಐದು ವರ್ಷ ತುಂಬಿದಂತೆ ಎಂದು ಹೈಕೋರ್ಟ್ ತೀರ್ಪು ಬಂದಿರುವುದುಂಟು, ಕೆಲವು ಕಂಪನಿಗಳು ಅದರಂತೆ ಕೊಡುತ್ತವೆ. ಎಲ್ಲರೂ ಕೊಡುವುದಿಲ್ಲ. ನಿಮ್ಮ 4 ವರ್ಷ 5 ತಿಂಗಳಿಗೆ ನೋಟಿಸಿನ ಮೂರು ತಿಂಗಳು ಸೇರಿಸಿ. 4 ವರ್ಷ 8 ತಿಂಗಳು ಆಯಿತು, 240 ದಿನದ ಗೆರೆ ಆಗಷ್ಟೇ ದಾಟುತ್ತೀರಿ. ಆದ್ದರಿಂದ ನೋಟಿಸ್ ಅವಧಿಯನ್ನು ದುಡ್ಡು ಕಟ್ಟಿ ಕಡಿಮೆ ಮಾಡಿಸಿಕೊಳ್ಳಬೇಡಿ, ಪೂರ್ತಿ ಮಾಡಿ. ಎಚ್‌ಆರ್‌ಗೆ ಇಮೇಲ್ ಹಾಕಿ ಉತ್ತರ ಬರಹದಲ್ಲೇ ತೆಗೆದುಕೊಳ್ಳಿ, ಬಾಯಿಮಾತು ಬೇಡ. ಪಿಎಫ್ ತೆಗೆಯಬೇಡಿ, ಅದೇ ಯುಎಎನ್‌ನಲ್ಲಿ (ನಿಮ್ಮ ಕಾಯಂ ಪಿಎಫ್ ಸಂಖ್ಯೆ) ಹೊಸ ಕಂಪನಿಗೆ ವರ್ಗಾಯಿಸಿ. ಒಟ್ಟು ಸೇವೆ ಐದು ವರ್ಷ ಆಗುವ ಮೊದಲೇ ತೆಗೆದರೆ ತೆರಿಗೆ ಬೀಳುತ್ತದೆ.

ಮಂಡ್ಯದ_ಹುಡುಗಿ

ನಾನು ದಿನಾ ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ಬರುವವಳು. ಬಾಗಿಲುಗಳ ಬಗ್ಗೆ ಕೇಳಿದಿರಲ್ಲ ಅಕ್ಕ, ನಾನೂ ಟೆಸ್ಟಿಂಗ್ ಕಲಿಯುತ್ತಿದ್ದೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ವೇಗದೂತದಲ್ಲಿ ನಮಗೆ ಟಿಕೆಟ್ ದುಡ್ಡು ಇಲ್ಲ. ಆ ಉಳಿದ ದುಡ್ಡಿನಿಂದಲೇ ಆಟೊಮೇಷನ್ ಕೋರ್ಸಿಗೆ ಸೇರಿದೆ. ಕಿಟಕಿ ಸೀಟು ಸಿಕ್ಕರೆ ಒಂದು ವಿಡಿಯೊ ಪಾಠ ಮುಗಿಯುತ್ತದೆ. ನಮ್ಮ ಬ್ಯಾಚಿನಲ್ಲಿ ಮೈಸೂರಿನಲ್ಲೇ ಕೆಲಸ ಸಿಕ್ಕವರು ನಾಲ್ಕು ಜನ ಇದ್ದಾರೆ. ಕಡಿಮೆ ಅನ್ನಿಸಬಹುದು. ಆದರೆ ನಮ್ಮಂಥವರಿಗೆ ಅಲ್ಲಿ ಹೇಳಿಕೊಡುವ ಅನುಭವಿಗಳೇ ಇಲ್ಲ. ಎಲ್ಲರೂ ಬೆಂಗಳೂರಿನಲ್ಲಿದ್ದೀರಿ. ನೀವು ಬಂದರೆ ನಮಗೂ ಒಂದು ದಾರಿ.

ವಾರಕ್ಕೆರಡು_ರಾತ್ರಿ

ನಾನು ಮಾಡುವುದು ಬೇರೆ. ಸೋಮವಾರ ಹೋಗಿ ಪಿಜಿಯಲ್ಲಿ ಎರಡು ರಾತ್ರಿ ಉಳಿದು ಬುಧವಾರ ವಾಪಸ್. ದಿನಕ್ಕೆ ಇಷ್ಟು ಅಂತ ಕೊಡುವ ಪಿಜಿಗಳು ಇವೆ. ಮೈಕೈ ನೋವು ಕಡಿಮೆ ಆಯಿತು, ನಿಜ. ಮಕ್ಕಳಿಲ್ಲದವರಿಗೆ ಇದು ಚೆನ್ನ. ನಿಮ್ಮ ಮಗಳ ವಯಸ್ಸಿಗೆ ನಾನಾದರೆ ಇದನ್ನು ಹೇಳುವುದಿಲ್ಲ.

ಬಣ್ಣದ_ಬುಗುರಿ

ನಿಮ್ಮ ರೈಲು ದಿನಾ ನಮ್ಮೂರಿನ ಮೇಲೆ ಹೋಗುತ್ತದೆ ಅಕ್ಕ. ನಮ್ಮದು ಚನ್ನಪಟ್ಟಣ. ಅಪ್ಪ ಗೊಂಬೆ ಮಾಡುವವರು. ನಾನು ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ಆರು ವರ್ಷ ಇದ್ದು, 2022ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದೆ. ವಾಪಸ್ ಬಂದವರ ಮಾತು ಕೇಳಿದ್ದೀರಿ, ಅದಕ್ಕೇ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಬಂದು ವರ್ಷ ತುಂಬುವ ಮೊದಲೇ, 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಬೈಪಾಸ್ ಆದಮೇಲೆ ಕಾರುಗಳು ಊರೊಳಗೆ ಬರುವುದೇ ನಿಂತಿತು. ಹಳೇ ರಸ್ತೆಯ ಪಕ್ಕದ ಗೊಂಬೆ ಅಂಗಡಿಗಳು ಭಾನುವಾರವೂ ಖಾಲಿ. ಮೊದಲು ಮೈಸೂರಿಗೆ ಹೋಗುವವರು ಕಾಫಿಗೆ ನಿಲ್ಲಿಸಿ, ಮಕ್ಕಳು ಹಟ ಮಾಡಿದರೆ ಒಂದು ಕುದುರೆ ಕೊಳ್ಳುತ್ತಿದ್ದರು. ಆ ಹಟವೇ ನಮ್ಮ ವ್ಯಾಪಾರ ಆಗಿತ್ತು. ಆ ಆರು ತಿಂಗಳು ನನಗೆ ನಿದ್ದೆ ಬರಲಿಲ್ಲ. ಉಳಿಸಿದ್ದು ಇದ್ದಿದ್ದರಿಂದ ತಡೆದುಕೊಂಡೆವು. ನೀವೂ ಆರು ತಿಂಗಳ ಖರ್ಚು, ಸಾಲದ ಕಂತು ಸೇರಿಸಿ, ಬೇರೆ ಇಟ್ಟುಕೊಂಡೇ ಬನ್ನಿ.

ಆಮೇಲೆ ನಾನು ಮಾಡಿದ್ದು ಒಂದೇ. ಅಪ್ಪ ಕೆಲಸ ಮಾಡುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ ಹಾಕಲು ಶುರು ಮಾಡಿದೆ. ಆಲೆ ಮರದ ತುಂಡು ಲೇತ್‌ನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಅಪ್ಪ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ತಾನೇ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ಎಲೆಗರಿಯೊಂದನ್ನು ಮಡಚಿ ಒತ್ತಿದರೆ, ಮಂಕಾಗಿದ್ದ ಬಣ್ಣ ಒಮ್ಮೆಲೇ ಮಿಂಚುತ್ತದೆ. ಈ ಕೊನೆಯ ಎರಡು ಸೆಕೆಂಡನ್ನೇ ಜನ ಮತ್ತೆ ಮತ್ತೆ ನೋಡುತ್ತಾರೆ. ಈಗ ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ದುಡ್ಡು ಯುಪಿಐನಲ್ಲಿ, ಗೊಂಬೆ ಕೊರಿಯರ್‌ನಲ್ಲಿ. ಕಾಲ್ ಸೆಂಟರ್‌ನಲ್ಲಿ ಕಲಿತ ಮಾತು ಇಲ್ಲಿ ಕೆಲಸಕ್ಕೆ ಬಂತು. ಗಿರಾಕಿ ಸಿಟ್ಟಾದರೂ ನಾನು ಸಮಾಧಾನವಾಗಿ ಉತ್ತರ ಕೊಡುತ್ತೇನೆ.

ಸಂಪಾದನೆ ಒಂದೇ ಸಮ ಇಲ್ಲ. ದಸರಾ ಹೊತ್ತಿಗೆ ಕೈತುಂಬ, ಮಳೆಗಾಲದಲ್ಲಿ ಕಷ್ಟ. ಆದರೆ ಮಧ್ಯಾಹ್ನ ಮನೆಯಲ್ಲಿ ಮುದ್ದೆ ಉಣ್ಣುತ್ತೇನೆ.

ಹಳೇ_ಪಾಸ್‌ದಾರ

ಮೊಮ್ಮಗುವಿಗೆ ಗೊಂಬೆ ತೆಗೆದುಕೊಳ್ಳಬೇಕು ತಮ್ಮ. ಈಗ ಎಲ್ಲ ಕಡೆ ಚನ್ನಪಟ್ಟಣದ್ದು ಅಂತ ಹೆಸರು ಹೇಳಿ ಬೇರೆಯದನ್ನೂ ಮಾರುತ್ತಾರೆ. ನಿಜವಾದದ್ದು ಗುರುತಿಸುವುದು ಹೇಗೆ?

ಬಣ್ಣದ_ಬುಗುರಿ

ಸರ್, ಮೊದಲು ಮೂಸಿ ನೋಡಿ. ಪೇಂಟಿನ ವಾಸನೆ ಬಂದರೆ ಅದು ಅರಗಿನದಲ್ಲ. ಲೇತ್ ಮೇಲೆ ಹತ್ತಿದ ಬಣ್ಣ ಮರದ ಸುತ್ತ ಉಂಗುರದ ಹಾಗೆ ಕೂತಿರುತ್ತದೆ, ಬ್ರಶ್ ಎಳೆದ ಗೆರೆ ಕಾಣುವುದಿಲ್ಲ. ಆಲೆ ಮರ ಹಗುರ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಅಂಚು ಎಲ್ಲೂ ಚುಚ್ಚಬಾರದು, ಮಗು ಬಾಯಿಗೆ ಹಾಕಿಕೊಳ್ಳುತ್ತದೆ ಅಲ್ವಾ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಅಂಗಡಿಯವರನ್ನು ಅದರ ಬಗ್ಗೆ ಕೇಳಿ. ಆಗುವುದಾದರೆ ಒಂದು ದಿನ ರೈಲಿನಲ್ಲಿ ಬಂದು ಇಳಿಯಿರಿ. ಲೇತ್ ಮುಂದೆ ಕೂರಿಸಿ ತೋರಿಸುತ್ತೇನೆ.

ಕುವೆಂಪುನಗರದವಳು

ಹನ್ನೆರಡು ದಿನ ಆಯಿತು, ಬರೆಯಲು ತಡವಾಯಿತು. ಏನಾಯಿತು ಅಂತ ಹೇಳಬೇಕಲ್ಲ.

ಹೊಸ ಕಂಪನಿಯವರಿಗೆ ಫೋನ್ ಮಾಡಿ, ಮೂರು ತಿಂಗಳು ಕಾಯುತ್ತೀರಾ ಅಂತ ನೇರವಾಗಿ ಕೇಳಿದೆ. ಎರಡು ದಿನ ಬಿಟ್ಟು ಒಪ್ಪಿದರು. ಜೊತೆಗೆ ಇನ್ನೊಂದು ಕೇಳಿದೆ: ಹೊಸಬರಿಗೆ ಕಲಿಸುವ ಕೆಲಸ ನನಗೆ ಕೊಡಿ ಅಂತ. ಮಂಡ್ಯದ ಹುಡುಗಿ ಬರೆದದ್ದು ತಲೆಯಲ್ಲಿತ್ತು. ಅದಕ್ಕೂ ಹೂಂ ಅಂದರು, ಸಂಬಳಕ್ಕೆ ಮೂರು ಸಾವಿರ ಸೇರಿಸಿದರು. ಹುಡುಗಿ, ನಿನ್ನ ಕೋರ್ಸ್ ಮುಗಿದ ಮೇಲೆ ನನಗೊಂದು ಮೆಸೇಜ್ ಹಾಕು.

ಗ್ರಾಚ್ಯುಟಿ ಬಗ್ಗೆ ಎಚ್‌ಆರ್‌ಗೆ ಇಮೇಲ್ ಹಾಕಿದ್ದೇನೆ. "ಪರಿಶೀಲಿಸುತ್ತೇವೆ" ಎಂದಷ್ಟೇ ಬಂದಿದೆ. ಬಂದರೆ ಸಾಲದ ಅಸಲಿಗೆ ಕಟ್ಟುವುದು ಅಂತ ಮನೆಯಲ್ಲಿ ಮಾತಾಗಿದೆ. ಬಾರದಿದ್ದರೂ ಹೊರಡುತ್ತೇನೆ. ಆರು ತಿಂಗಳ ಖರ್ಚಿನಲ್ಲಿ ನಾಲ್ಕು ತಿಂಗಳದ್ದು ಈಗಾಗಲೇ ಇದೆ, ಉಳಿದದ್ದನ್ನು ಈ ಮೂರು ತಿಂಗಳಲ್ಲಿ ಕೂಡಿಸಬೇಕು.

ಸೋಮವಾರ ರಾಜೀನಾಮೆ ಕಳಿಸಿದೆ. ಮ್ಯಾನೇಜರ್ ಒಂದು ಗಂಟೆ ಮಾತಾಡಿದರು, ಒಳ್ಳೆಯವರು, ಬೇಜಾರು ಮಾಡಿಕೊಂಡರು. ನೋಟಿಸ್ 90 ದಿನ. ಅವತ್ತು ಸಂಜೆ ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. ಶನಿವಾರ ಪಾಸ್ ಮುಗಿದ ಮೇಲೆ ಬಿಡಿ ಟಿಕೆಟ್ಟಿನಲ್ಲೇ ಓಡಾಡುತ್ತಿದ್ದೆ. ಮಂಗಳವಾರ ಕೌಂಟರಿನಲ್ಲಿ ಸಾಲು ನಿಂತು, ಕಾಗದದ ಪಾಸೇ ಮಾಡಿಸಿದೆ. ಮೂರು ತಿಂಗಳದ್ದು.

ಬಣ್ಣದ ಬುಗುರಿ, ಬರುವ ಭಾನುವಾರ ಮಗಳನ್ನು ಕರೆದುಕೊಂಡು ಚನ್ನಪಟ್ಟಣದಲ್ಲಿ ಇಳಿಯುತ್ತೇವೆ. ಅವಳು ಇಷ್ಟು ದಿನ ಅಮ್ಮನ ರೈಲನ್ನು ನೋಡಿಯೇ ಇಲ್ಲ. ಲೇತ್ ತಿರುಗುವುದನ್ನು ಅವಳಿಗೆ ಹತ್ತಿರದಿಂದ ತೋರಿಸಬೇಕು. ಅಪ್ಪ ಅವತ್ತು ಕೆಲಸ ಮಾಡುತ್ತಾರಾ, ಎಷ್ಟು ಗಂಟೆಗೆ ಬಂದರೆ ಅನುಕೂಲ, ತಿಳಿಸಿ.